ಮಾದಕ ವಸ್ತು ತಡೆ ಸಮಿತಿ: ಮೊದಲ ವರ್ಷದ ಉತ್ಸಾಹ ಇಳಿದ ಮೇಲೆ ಏನು ಮಾಡಬೇಕು?

ಸಮಿತಿ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಎಂಟು, ಒಂಬತ್ತನೇ ತರಗತಿಯ ಮಕ್ಕಳ ಕೈಗೂ ಗಾಂಜಾ, ನಿದ್ರೆ ಮಾತ್ರೆ, ಇ-ಸಿಗರೇಟು ಸಿಗುತ್ತಿವೆ ಎಂಬುದು ಬಯಲಾದಾಗ ನಮ್ಮಲ್ಲಿ ಪಾಲಕರು, ಶಿಕ್ಷಕರು, ಒಬ್ಬಿಬ್ಬರು ವೈದ್ಯರು ಸೇರಿ ಸಮಿತಿ ಕಟ್ಟಿದೆವು. ಮೊದಲ ಸಭೆಗೆ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಜಾಥಾ ನಡೆಯಿತು, ಶಾಲೆಗಳಲ್ಲಿ ಉಪನ್ಯಾಸ ನಡೆಯಿತು, ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದರು, ಪತ್ರಿಕೆಯಲ್ಲಿ ಫೋಟೊ ಬಂತು. ಈಗ ಸಭೆ ಕರೆದರೆ ಬರುವವರು ಬೆರಳೆಣಿಕೆಯಷ್ಟು. ಬಂದವರೂ "ಎಲ್ಲ ಮಾಡಿಯಾಯಿತಲ್ಲ, ಇನ್ನೇನಿದೆ?" ಎನ್ನುತ್ತಾರೆ. ಇಷ್ಟೆಲ್ಲ ಆದ ಮೇಲೆ ಮಕ್ಕಳಲ್ಲಿ ಬಳಕೆ ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ.

ಇಂಥ ಕೆಲಸದಲ್ಲಿ ನಿಜಕ್ಕೂ ಫಲ ಕೊಡುವುದು ಯಾವುದು? ಫಲ ಕಾಣುವವರೆಗೆ ಸಮಿತಿಯನ್ನು ಉಸಿರಾಡಿಸುತ್ತಾ ಇಡುವುದು ಹೇಗೆ? ಭಾಷಣಗಳನ್ನು ಸಾಕಷ್ಟು ಕೇಳಿದ್ದೇನೆ. ಮಾಡಿ ನೋಡಿದವರು, ಓದಿಕೊಂಡವರು ದಯವಿಟ್ಟು ಬರೆಯಿರಿ.

ಗಣಿತದ ಮೇಷ್ಟ್ರು

ಕಾರ್ಯದರ್ಶಿಗಳೇ, ಜನ ಕರಗಿದ್ದಕ್ಕೆ ಅವರನ್ನು ದೂರಬೇಡಿ. ನೀವು ಅವರಿಗೆ ಕೊಟ್ಟ ಕೆಲಸ ಮುಗಿದುಹೋಗುವಂಥದ್ದು. ಜಾಥಾ ಸಂಜೆಗೆ ಮುಗಿಯುತ್ತದೆ, ಮರುದಿನ ಮಾಡಲು ಏನೂ ಉಳಿದಿರುವುದಿಲ್ಲ.

ಉಪನ್ಯಾಸದ ವಿಷಯಕ್ಕೆ ಬಂದರೆ, ಅದರ ಬಹುದೊಡ್ಡ ಪ್ರಯೋಗವೊಂದು ಅಮೆರಿಕದಲ್ಲಿ ಆಗಿಹೋಗಿದೆ. 1983ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ ಅಲ್ಲಿನ ಶಾಲಾ ಆಡಳಿತದೊಂದಿಗೆ ಸೇರಿ 'ಡೇರ್' ಎಂಬ ಕಾರ್ಯಕ್ರಮ ಆರಂಭಿಸಿತು. ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿಯೇ ತರಗತಿಗೆ ಬಂದು ಪಾಠ ಮಾಡುವುದು, ಕೊನೆಗೆ ಮಕ್ಕಳಿಗೆ ಪ್ರಮಾಣಪತ್ರ, ಟೀ ಶರ್ಟ್. ನೋಡನೋಡುತ್ತಲೇ ದೇಶದ ಬಹುಪಾಲು ಕಡೆ ಹಬ್ಬಿತು. ಪಾಲಕರಿಗೂ ಇಷ್ಟ, ಪೊಲೀಸರಿಗೂ ಇಷ್ಟ, ರಾಜಕಾರಣಿಗಳಿಗಂತೂ ಇನ್ನೂ ಇಷ್ಟ. ಆದರೆ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 1994ರಲ್ಲಿ ಒಮ್ಮೆ, 2004ರಲ್ಲಿ ಇನ್ನೊಮ್ಮೆ ನೋಡಿದಾಗ, ಮಕ್ಕಳು ಮಾದಕ ವಸ್ತು ಬಳಸುವುದರ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಅತ್ಯಲ್ಪ ಎಂಬುದು ಗೊತ್ತಾಯಿತು. 2009ರಲ್ಲಿ ಪಠ್ಯವನ್ನೇ ಬದಲಿಸಬೇಕಾಯಿತು. ಅಷ್ಟು ಹಣ, ಅಷ್ಟು ಜನ, ಅಷ್ಟು ವರ್ಷ. ಇಷ್ಟವಾಗುವುದಕ್ಕೂ ಕೆಲಸಕ್ಕೆ ಬರುವುದಕ್ಕೂ ಸಂಬಂಧವೇ ಇಲ್ಲದಿರಬಹುದು ಎಂದು ನಾನು ನಂಬಿದ್ದು ಇದನ್ನು ಓದಿದ ಮೇಲೆಯೇ.

ಹದಿನೇಳರ ಹುಡುಗಿ

ನಾನು ಆ ಜಾಥಾಗಳಲ್ಲಿ ಫಲಕ ಹಿಡಿಯುವವರ ಪೈಕಿ. ಉಪನ್ಯಾಸಕ್ಕೆ ಬರುವವರು ಪರದೆಯ ಮೇಲೆ ಕಪ್ಪಾದ ಶ್ವಾಸಕೋಶ ತೋರಿಸುತ್ತಾರೆ, ಒಂದು ಸಲ ಮುಟ್ಟಿದರೆ ಜೀವನ ಮುಗಿಯಿತು ಎನ್ನುತ್ತಾರೆ. ಅದನ್ನು ಯಾರಿಗಾಗಿ ಹೇಳುತ್ತಿದ್ದಾರೋ ಆ ಹುಡುಗ ಹಿಂದಿನ ಬೆಂಚಿನಲ್ಲಿ ಕುಳಿತು ನಗುತ್ತಿರುತ್ತಾನೆ. ಮುಟ್ಟಿದವರು ಮರುದಿನ ಆರಾಮವಾಗಿ ಶಾಲೆಗೆ ಬಂದದ್ದನ್ನು ಅವನು ನೋಡಿದ್ದಾನೆ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಅವನು ನಂಬುವುದಿಲ್ಲ.

ಇನ್ನೊಂದು ಮಾತು. ಸಮಿತಿಗಳಿಗೆ ನಮ್ಮನ್ನು ಕರೆಯುವುದು ಅತಿಥಿಗಳಿಗೆ ಹೂಗುಚ್ಛ ಕೊಡಲು. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಮನೆಗೆ ಬರುವವರೆಗಿನ ಹೊತ್ತಿನಲ್ಲಿ ನೀವೆಲ್ಲ ಎಲ್ಲಿರುತ್ತೀರಿ, ಏನು ಮಾಡುತ್ತೀರಿ ಎಂದು ಯಾವ ಸಮಿತಿಯೂ ನಮ್ಮನ್ನು ಕೇಳಿಲ್ಲ.

ಅಂಕಿಸಂಖ್ಯೆ

ಮೇಲಿನ ಹುಡುಗಿ ಕೇಳಿದ ಪ್ರಶ್ನೆಯನ್ನೇ ಒಂದು ಇಡೀ ದೇಶ ಕೇಳಿಕೊಂಡಿತು. ಐಸ್‌ಲ್ಯಾಂಡ್.

1998ರಲ್ಲಿ ಅಲ್ಲಿನ 15-16 ವರ್ಷದ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದಾಗಿ ಸಮೀಕ್ಷೆಯಲ್ಲಿ ಹೇಳಿದ್ದರು. ದಿನವೂ ಸಿಗರೇಟು ಸೇದುವವರು ಶೇ 23. ಗಾಂಜಾ ಸೇದಿ ನೋಡಿದವರು ಶೇ 17. 2016ರ ಹೊತ್ತಿಗೆ ಇವು ಕ್ರಮವಾಗಿ 5, 3 ಮತ್ತು 7ಕ್ಕೆ ಇಳಿದವು.

ಅವರು ಮಾಡಿದ್ದರಲ್ಲಿ 'ಮಾದಕ ವಸ್ತು ಬೇಡ' ಎಂಬ ಪಾಠದ ಪಾಲು ಕಡಿಮೆ. ಮಕ್ಕಳ ಸುತ್ತಲಿನ ದಿನಚರಿಯನ್ನು ಬದಲಿಸಿದರು. ಕ್ರೀಡೆ, ಸಂಗೀತ, ಕಲೆಯ ಕೂಟಗಳಿಗೆ ಸರ್ಕಾರದ ಹಣ ಬಂತು, ಬಡ ಕುಟುಂಬದ ಮಕ್ಕಳೂ ಸೇರುವಂತಾಯಿತು. ಪ್ರತಿ ಶಾಲೆಯಲ್ಲಿ ಪಾಲಕರ ಸಂಘಟನೆ ಇರಬೇಕೆಂದು ಕಾನೂನು ಬಂತು. ಪಾಲಕರು ಸಂಜೆ ಬೀದಿಗಳಲ್ಲಿ ಗುಂಪಾಗಿ ಓಡಾಡಿದರು. 13ರಿಂದ 16 ವರ್ಷದ ಮಕ್ಕಳು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ, ಬೇಸಿಗೆಯಲ್ಲಿ ಹನ್ನೆರಡರ ನಂತರ ಹೊರಗಿರುವಂತಿಲ್ಲ ಎಂದಾಯಿತು. ತಂಬಾಕು, ಮದ್ಯದ ಜಾಹೀರಾತು ನಿಂತಿತು. 1997ರಿಂದ 2012ರ ನಡುವೆ, ವಾರದ ದಿನಗಳಲ್ಲಿ ಆಗಾಗ ಅಥವಾ ಬಹುತೇಕ ಯಾವಾಗಲೂ ತಂದೆತಾಯಿಯರ ಜೊತೆ ಹೊತ್ತು ಕಳೆಯುತ್ತೇವೆ ಎಂದ ಮಕ್ಕಳ ಪ್ರಮಾಣ ಶೇ 23ರಿಂದ 46ಕ್ಕೆ ಏರಿತು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದು: ಅವರು ಸಮೀಕ್ಷೆಯನ್ನು ಬಿಡಲಿಲ್ಲ. ವರ್ಷ ವರ್ಷವೂ ಮಕ್ಕಳನ್ನು ಕೇಳಿದರು, ಫಲಿತಾಂಶವನ್ನು ಕೆಲವೇ ವಾರಗಳಲ್ಲಿ ಆಯಾ ಊರಿಗೆ, ಆಯಾ ಶಾಲೆಗೆ ಮರಳಿಸಿದರು. ನಿಮ್ಮ ಸಮಿತಿಯಲ್ಲಿ "ಇನ್ನೇನಿದೆ" ಎಂದು ಕೇಳುವವರ ಮುಂದೆ ಪ್ರತಿ ವರ್ಷ ಹೊಸ ಕಾಗದ ಬಂದು ಬಿದ್ದರೆ ಆ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.

ಒಪ್ಪದವನು

ಐಸ್‌ಲ್ಯಾಂಡ್ ಉದಾಹರಣೆ ಕೇಳಿ ಕೇಳಿ ಸಾಕಾಗಿದೆ. ನಾಲ್ಕು ಲಕ್ಷ ಜನರೂ ಇಲ್ಲದ ಸಿರಿವಂತ ದ್ವೀಪ. ಸರ್ಕಾರವೇ ಹಣ ಕೊಟ್ಟಿತು, ಸರ್ಕಾರವೇ ಕಾನೂನು ಮಾಡಿತು. ಇಲ್ಲಿ ಕೇಳುತ್ತಿರುವವರ ಕೈಯಲ್ಲಿರುವುದು ಒಂದು ಸಮಿತಿ, ಒಂದು ನಡಾವಳಿ ಪುಸ್ತಕ. ಅಲ್ಲದೆ ಅದೇ ವರ್ಷಗಳಲ್ಲಿ ಬೇರೆ ಹಲವು ದೇಶಗಳಲ್ಲೂ ಹದಿಹರೆಯದವರ ಕುಡಿತ, ಧೂಮಪಾನ ಇಳಿದಿವೆ. ಎಲ್ಲ ಕೀರ್ತಿಯನ್ನೂ ಆ ಯೋಜನೆಯ ತಲೆಗೆ ಕಟ್ಟುವುದು ಹೇಗೆ?

ಅಂಕಿಸಂಖ್ಯೆ

ಆಕ್ಷೇಪ ನ್ಯಾಯವಾದದ್ದು. ಹೋಲಿಸಲು ಇನ್ನೊಂದು ಐಸ್‌ಲ್ಯಾಂಡ್ ಇಲ್ಲದಿರುವುದರಿಂದ ಖಚಿತವಾಗಿ ಹೇಳಲಾಗದು. ಹೋಲಿಕೆ ಇರುವ ಉದಾಹರಣೆ ಬೇಕಾದರೆ 'ಕಮ್ಯುನಿಟೀಸ್ ದಟ್ ಕೇರ್' ನೋಡಿ. ಅದು ಸಮಿತಿಗಳಿಗೆಂದೇ ಮಾಡಿದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಹಾಕಿನ್ಸ್ ಮತ್ತು ರಿಚರ್ಡ್ ಕ್ಯಾಟಲಾನೊ ರೂಪಿಸಿದರು. 2003ರಲ್ಲಿ ಅಮೆರಿಕದ ಏಳು ರಾಜ್ಯಗಳ 24 ಸಣ್ಣ ಊರುಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಅರ್ಧ ಊರುಗಳಲ್ಲಿ ಇದನ್ನು ನಡೆಸಿ, ಉಳಿದರ್ಧವನ್ನು ಅವುಗಳ ಪಾಡಿಗೆ ಬಿಟ್ಟರು. ಐದನೇ ತರಗತಿಯಿಂದ 4,407 ಮಕ್ಕಳನ್ನು ಹಿಂಬಾಲಿಸಿದರು. ಎಂಟನೇ ತರಗತಿಗೆ ಬರುವಾಗ ಸಮಿತಿ ಇದ್ದ ಊರುಗಳಲ್ಲಿ ಮದ್ಯ, ಸಿಗರೇಟು ಶುರುಮಾಡಿದವರು ಕಡಿಮೆ ಇದ್ದರು. ಮಿತಿಯನ್ನೂ ಹೇಳಿಬಿಡುತ್ತೇನೆ: ಹನ್ನೆರಡನೇ ತರಗತಿಯಲ್ಲಿ, ಎಂದೂ ಮುಟ್ಟದ ಮಕ್ಕಳು ಆ ಊರುಗಳಲ್ಲಿ ಹೆಚ್ಚಿದ್ದರೂ, ಆ ಹೊತ್ತಿಗೆ ಬಳಸುತ್ತಿದ್ದವರ ಪ್ರಮಾಣದಲ್ಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಒಮ್ಮೆ ಮಾಡಿ ಬಿಟ್ಟರೆ ಆಗದು, ದೊಡ್ಡ ಮಕ್ಕಳಿಗೂ ಏನಾದರೂ ಬೇಕು.

ಅಲ್ಲಿನ ಕೆಲಸದ ಕ್ರಮ ಸರಳ. ಮೊದಲು ಮಕ್ಕಳ ಸಮೀಕ್ಷೆ. ಅದರಲ್ಲಿ 'ಏನು ಬಳಸುತ್ತೀರಿ' ಎನ್ನುವುದು ಒಂದು ಭಾಗ ಮಾತ್ರ. ಮನೆಯಲ್ಲಿ ನಿಯಮಗಳಿವೆಯೇ, ಶಾಲೆಯಲ್ಲಿ ನಿಮ್ಮನ್ನು ಮೆಚ್ಚುವ ಒಬ್ಬ ಶಿಕ್ಷಕರಾದರೂ ಇದ್ದಾರೆಯೇ, ಬೇಕೆಂದರೆ ಎಷ್ಟು ಸುಲಭವಾಗಿ ಸಿಗುತ್ತದೆ, ಇವೆಲ್ಲ ಇರುತ್ತವೆ. ಉತ್ತರಗಳಲ್ಲಿ ಎದ್ದು ಕಾಣುವ ಎರಡೋ ಮೂರೋ ಅಪಾಯಗಳನ್ನು ಆರಿಸಿ, ಅವುಗಳಿಗೆ ಮಾತ್ರ ಪರೀಕ್ಷೆಗೊಳಪಟ್ಟ ಕಾರ್ಯಕ್ರಮ ತರುತ್ತಾರೆ. ಒಂದು ಊರಿನಲ್ಲಿ ಅಂಗಡಿಗಳೇ ಸಮಸ್ಯೆ, ಇನ್ನೊಂದರಲ್ಲಿ ಮನೆಗಳೇ ಸಮಸ್ಯೆ. ಎರಡಕ್ಕೂ ಒಂದೇ ಉಪನ್ಯಾಸ ಕೊಟ್ಟು ಪ್ರಯೋಜನವಿಲ್ಲ.

ಎರಡು ಮಕ್ಕಳ ತಂದೆ

ಮಕ್ಕಳು ಇಂಥ ಸಮೀಕ್ಷೆಗೆ ನಿಜ ಬರೆಯುತ್ತಾರೆಯೇ? ನನ್ನ ಮಗ ಹೋಮ್‌ವರ್ಕ್ ಬಗ್ಗೆಯೇ ನಿಜ ಹೇಳುವುದಿಲ್ಲ.

ಗಣಿತದ ಮೇಷ್ಟ್ರು

ಹೆಸರು ಕೇಳದಿದ್ದರೆ, ನಡೆಸುವ ರೀತಿ ಸರಿಯಿದ್ದರೆ, ಬಹುಪಾಲು ಮಕ್ಕಳು ಬರೆಯುತ್ತಾರೆ. ಈ ರೀತಿ ಎಂಬುದೇ ಮುಖ್ಯ. ಹಾಳೆಯ ಮೇಲೆ ಹೆಸರು, ಕ್ರಮಸಂಖ್ಯೆ ಯಾವುದೂ ಇರಬಾರದು. ತರಗತಿ ಶಿಕ್ಷಕರು ಹಾಳೆ ಹಂಚಿ ತಮ್ಮ ಮೇಜಿನ ಬಳಿಯೇ ಇರಬೇಕು, ಬೆಂಚುಗಳ ನಡುವೆ ಓಡಾಡಬಾರದು. ಬೇರೆ ಯಾರಾದರೂ ಬಂದು ನಡೆಸಿದರೆ ಇನ್ನೂ ಒಳ್ಳೆಯದು. ಬರೆದಾದ ಮೇಲೆ ಪ್ರತಿ ಮಗುವೂ ತನ್ನ ಹಾಳೆಯನ್ನು ತಾನೇ ಲಕೋಟೆಗೆ ಹಾಕಿ ಅಂಟಿಸಿ ಪೆಟ್ಟಿಗೆಗೆ ಹಾಕಬೇಕು. ಹಾಳೆಗಳನ್ನು ಸಾಲಿನ ತುದಿಯಿಂದ ಕೈದಾಟಿಸಿ ಸಂಗ್ರಹಿಸಿದಿರೋ, ಮುಗಿಯಿತು. ಪಕ್ಕದವನು ನೋಡುತ್ತಾನೆ ಎಂದು ಎಲ್ಲರೂ 'ಇಲ್ಲ' ಎಂದೇ ಗುರುತು ಹಾಕುತ್ತಾರೆ.

ಜಂಬಕ್ಕೆ ಎಲ್ಲದಕ್ಕೂ 'ಹೌದು' ಎನ್ನುವವರೂ ಇರುತ್ತಾರೆ. 1995ರಿಂದ ನಡೆಯುತ್ತಿರುವ ಯುರೋಪಿನ 'ಎಸ್ಪಾಡ್' ಶಾಲಾ ಸಮೀಕ್ಷೆಯವರು ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ಪಟ್ಟಿಯ ಮಧ್ಯದಲ್ಲಿ 'ರೆಲೆವಿನ್' ಎಂಬ, ಜಗತ್ತಿನಲ್ಲೇ ಇಲ್ಲದ ಮಾದಕ ವಸ್ತುವಿನ ಹೆಸರು ಸೇರಿಸಿದರು. ಅದನ್ನು ಬಳಸಿದ್ದೇನೆ ಎಂದವರ ಉಳಿದ ಉತ್ತರಗಳನ್ನು ಎಷ್ಟು ನಂಬಬೇಕೆಂದು ಗೊತ್ತಾಗುತ್ತದೆ. ಮೇಷ್ಟ್ರಾಗಿ ನನಗೆ ಬಹಳ ಖುಷಿ ಕೊಟ್ಟ ಪ್ರಶ್ನೆ ಇದು.

ಸಮೀಕ್ಷೆಯಿಂದ ಇನ್ನೊಂದು ಲಾಭವಿದೆ. 'ಎಲ್ಲರೂ ಸೇದುತ್ತಾರೆ' ಎಂದು ಮಕ್ಕಳು ನಂಬಿರುವುದಕ್ಕಿಂತ ನಿಜವಾದ ಸಂಖ್ಯೆ ಸಾಮಾನ್ಯವಾಗಿ ಬಹಳ ಕಡಿಮೆ ಇರುತ್ತದೆ. ಅದನ್ನು ಅವರಿಗೇ ತೋರಿಸಬಹುದು.

ನಿವೃತ್ತ ಪೊಲೀಸ್

ಕ್ಷಮಿಸಿ, ಇಷ್ಟೆಲ್ಲ ಹಾಳೆ, ಲಕೋಟೆ ಏಕೆ? ಯಾವ ಹುಡುಗರು ಎಂದು ಪ್ರತಿ ಶಾಲೆಗೂ ಗೊತ್ತಿರುತ್ತದೆ. ಆ ಹತ್ತು ಹದಿನೈದು ಹುಡುಗರನ್ನು ಆರಿಸಿ ಒಂದು ಶಿಬಿರ ಮಾಡಿ. ವ್ಯಸನದಿಂದ ಹಾಳಾಗಿ ಹೊರಬಂದ ಒಬ್ಬನನ್ನು ಕರೆದು ಅವರ ಮುಂದೆ ನಿಲ್ಲಿಸಿ, ತನ್ನ ಕಥೆ ಹೇಳಲಿ. ಮಾತು ಕೇಳದವನನ್ನು ಶಾಲೆಯಿಂದ ತೆಗೆಯಿರಿ, ಉಳಿದವರು ದಾರಿಗೆ ಬರುತ್ತಾರೆ. ಮೂವತ್ತು ವರ್ಷದ ಸೇವೆಯ ಮಾತು ಹೇಳುತ್ತಿದ್ದೇನೆ.

ಆಪ್ತ ಸಮಾಲೋಚಕಿ

ಸರ್, ನಿಮ್ಮ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ನೀವು ಹೇಳಿದ ಮೂರೂ ಕೆಲಸಗಳು ಮಕ್ಕಳನ್ನು ಇನ್ನಷ್ಟು ಅಪಾಯಕ್ಕೆ ದೂಡಬಲ್ಲವು.

ಆರಿಸಿದ ಹುಡುಗರ ಶಿಬಿರವನ್ನೇ ತೆಗೆದುಕೊಳ್ಳಿ. 1939ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ ಹುಡುಗರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಗಟ್ಟಲೆ ಮಾರ್ಗದರ್ಶನ, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನು ಹುಡುಕಿ ನೋಡಿದಾಗ, ಸಹಾಯ ಪಡೆದವರ ಸ್ಥಿತಿಯೇ ಕೆಟ್ಟದಾಗಿತ್ತು. ಮುಂದೆ ಇನ್ನಷ್ಟು ಆಳವಾಗಿ ನೋಡಿದಾಗ, ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರಲ್ಲಿ ಹಾನಿ ಎದ್ದು ಕಂಡಿತು. 1999ರಲ್ಲಿ ಅವರೂ ಇನ್ನಿಬ್ಬರು ಸಂಶೋಧಕರೂ ಸೇರಿ ಬರೆದದ್ದರ ತಾತ್ಪರ್ಯ ಇಷ್ಟೇ: ತುಂಟಾಟದ ಹುಡುಗರನ್ನು ಒಂದೆಡೆ ಕೂರಿಸಿದರೆ ಅವರು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಒಬ್ಬನ ಸಾಹಸಕ್ಕೆ ಇನ್ನೊಬ್ಬ ನಕ್ಕರೆ ಸಾಕು, ಅದೇ ಬಹುಮಾನ.

ವ್ಯಸನದಿಂದ ಹೊರಬಂದವರ ಬಗ್ಗೆ ನನಗೆ ತುಂಬು ಗೌರವವಿದೆ, ನನ್ನ ಕೆಲಸವೇ ಅವರ ಜೊತೆ. ಚಿಕಿತ್ಸೆಯಲ್ಲಿ ಅವರ ಮಾತಿಗೆ ಬೆಲೆ ಇದೆ. ಆದರೆ ಶಾಲಾ ಮಕ್ಕಳ ಮುಂದೆ ಅದೇ ಕಥೆ ಬೇರೆಯೇ ಆಗಿ ಕೇಳಿಸುತ್ತದೆ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಪರಿಷ್ಕರಿಸಿದ ತಡೆ ಮಾನದಂಡಗಳಲ್ಲಿ ಇದನ್ನು ನಿಷ್ಫಲ ಅಥವಾ ಹಾನಿಕರ ವಿಧಾನಗಳ ಸಾಲಿಗೆ ಸೇರಿಸಿದ್ದಾರೆ. ಹೆದರಿಸುವ ಉಪನ್ಯಾಸವೂ ಅದೇ ಸಾಲಿನಲ್ಲಿದೆ. ಹೊರಬಂದವರ ಕಥೆ ಕೇಳಿ 'ಇಷ್ಟೆಲ್ಲ ಮಾಡಿಯೂ ಇವರು ಚೆನ್ನಾಗಿಯೇ ಇದ್ದಾರಲ್ಲ' ಎಂದು ಒಂದು ಮಗು ಅಂದುಕೊಂಡರೂ ಸಾಕು.

ಶಾಲೆಯಿಂದ ತೆಗೆದರೆ? ಆ ಹುಡುಗನಿಗೆ ದಿನವಿಡೀ ಬಿಡುವು, ನೋಡಿಕೊಳ್ಳುವವರಿಲ್ಲ, ಮಾರುವವನಿಗೆ ಅನುಕೂಲ.

ನಿವೃತ್ತ ಪೊಲೀಸ್

ಶಿಬಿರದ ವಿಷಯ ಒಪ್ಪಿದೆ, ಕಾರಾಗೃಹಗಳಲ್ಲಿ ಕಂಡಿದ್ದೂ ಅದೇ. ಹಾಗಾದರೆ ಪೊಲೀಸರ ಕೆಲಸ ಏನು? ಮನೆಯಲ್ಲಿ ಕುಳಿತಿರಬೇಕೇ?

ಆಪ್ತ ಸಮಾಲೋಚಕಿ

ಖಂಡಿತ ಇಲ್ಲ ಸರ್. ನಿಮ್ಮ ಕೆಲಸ ತರಗತಿಯ ಹೊರಗಿದೆ. ಮಕ್ಕಳಿಗೆ ಸಿಗರೇಟು ಮಾರುವ ಅಂಗಡಿ ಯಾವುದು, ವೈದ್ಯರ ಚೀಟಿಯಿಲ್ಲದೆ ನಿದ್ರೆ ಮಾತ್ರೆ ಕೊಡುವ ಔಷಧ ಅಂಗಡಿ ಯಾವುದು, ದೀಪವಿಲ್ಲದ ಮೈದಾನದ ಮೂಲೆ ಯಾವುದು, ಇವು ನಿಮಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ. ಸುಲಭವಾಗಿ ಸಿಗದಂತೆ ಮಾಡುವುದೂ ತಡೆಯೇ.

ಎರಡು ಮಕ್ಕಳ ತಂದೆ

ನಮ್ಮ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬ ಹುಡುಗನ ಫೋಟೊ ಹಾಕಿ 'ಇವನಿಂದ ಮಕ್ಕಳನ್ನು ದೂರವಿಡಿ' ಎಂದು ಬರೆದರು. ಹತ್ತು ನಿಮಿಷದಲ್ಲಿ ಎಲ್ಲೆಡೆ ಹರಡಿತು. ಆ ಕುಟುಂಬ ಆಮೇಲೆ ಯಾವ ಸಭೆಗೂ ಬರಲಿಲ್ಲ. ಅದಕ್ಕಿಂತ ಹೆಚ್ಚಿನದು, ಸಹಾಯ ಕೇಳಬೇಕೆಂದಿದ್ದ ಬೇರೆ ಮನೆಗಳೂ ಬಾಯಿ ಮುಚ್ಚಿಕೊಂಡವು. ಸಮಿತಿಗಳು ಮೊದಲು ಬರೆದುಕೊಳ್ಳಬೇಕಾದ ನಿಯಮ ಇದೇ ಇರಬೇಕು: ಯಾವ ಮಗುವಿನ ಹೆಸರೂ ಸಭೆಯಲ್ಲಿ ಬರಬಾರದು.

ಪಾಲಕರನ್ನು ಸೇರಿಸುವ ಬಗ್ಗೆ ಯಾರಿಗಾದರೂ ಅನುಭವ ಇದೆಯೇ? ಕರೆದರೆ ಬರುವವರು ಬರಬೇಕಿಲ್ಲದವರೇ.

ಆಪ್ತ ಸಮಾಲೋಚಕಿ

ನಿಮ್ಮ ಕಡೆಯ ಮಾತಿಗೆ ನಗು ಬಂತು, ಎಲ್ಲ ಕಡೆಯೂ ಇದೇ ಗೋಳು. 'ಮಾದಕ ವ್ಯಸನ ತಡೆ ಸಭೆ' ಎಂದು ಕರೆದರೆ, ಹೋದರೆ ನನ್ನ ಮಗನ ಬಗ್ಗೆ ಜನ ಏನೆಂದುಕೊಳ್ಳುತ್ತಾರೋ ಎಂದು ಯಾರೂ ಬರುವುದಿಲ್ಲ. 'ಹದಿಹರೆಯದ ಮಕ್ಕಳ ಜೊತೆ ಜಗಳವಿಲ್ಲದೆ ಇರುವುದು ಹೇಗೆ' ಎಂದು ಕರೆಯಿರಿ, ಬರುತ್ತಾರೆ. 'ಸ್ಟ್ರೆಂಗ್ತನಿಂಗ್ ಫ್ಯಾಮಿಲೀಸ್' ಎಂಬ ಕಾರ್ಯಕ್ರಮ 10ರಿಂದ 14 ವರ್ಷದ ಮಕ್ಕಳ ಕುಟುಂಬಗಳಿಗೆ ಏಳು ವಾರ ನಡೆಯುತ್ತದೆ. ಮೊದಲ ಒಂದು ಗಂಟೆ ಪಾಲಕರು ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ. ಎರಡನೆಯ ಗಂಟೆ ಇಬ್ಬರೂ ಜೊತೆಯಲ್ಲಿ. ಮನೆಯ ನಿಯಮ ಹೇಗೆ ಹೇಳುವುದು, ಮುರಿದಾಗ ಕಿರುಚದೆ ಏನು ಮಾಡುವುದು, ಮಗು ಹೇಳುವುದನ್ನು ಮಧ್ಯೆ ಬಾಯಿ ಹಾಕದೆ ಕೇಳುವುದು, ಇವೇ ಪಾಠ. ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಅಲ್ಲೇ ಇರಿಸಿದರೆ ತಾಯಂದಿರು ಬರುವುದು ಸುಲಭವಾಗುತ್ತದೆ. ಕಾರ್ಯಕ್ರಮಗಳು ಸೋಲುವುದು ಇಂಥ ಸಣ್ಣ ವಿಷಯಗಳಲ್ಲೇ.

ಹದಿನೇಳರ ಹುಡುಗಿ

'ಮಧ್ಯೆ ಬಾಯಿ ಹಾಕದೆ ಕೇಳುವುದು' ಎಂಬ ಪಾಠವನ್ನು ಏಳು ವಾರವೂ ಇಡಿ, ದಯವಿಟ್ಟು.

ಹಳೆಯ ಸಂಚಾಲಕಿ

ಕಾರ್ಯದರ್ಶಿಗಳ ಎರಡನೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಾನು ಬಹಳ ವರ್ಷ ಇಂಥ ಕೂಟವೊಂದನ್ನು ನಡೆಸಿದವಳು, ಈಗ ಕಿರಿಯರಿಗೆ ಬಿಟ್ಟುಕೊಟ್ಟಿದ್ದೇನೆ.

ಸಮಿತಿ ಸಾಯುವುದು ಹಣವಿಲ್ಲದೆ ಎಂದು ಜನ ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಮುಂದಿನ ಸಭೆಯ ದಿನಾಂಕ ಗೊತ್ತುಮಾಡದೆ ಎದ್ದುಹೋದ ದಿನ ಅದು ಸಾಯಲು ಶುರುವಾಗುತ್ತದೆ. ಸ್ವಯಂಸೇವಕರು ಒಳ್ಳೆಯವರು, ಆದರೆ ಅವರಿಗೆ ಮದುವೆ, ಪರೀಕ್ಷೆ, ವರ್ಗಾವಣೆ ಎಲ್ಲ ಇರುತ್ತವೆ. ಫೋನ್ ಮಾಡುವುದು, ಕೀಲಿ ತರುವುದು, ನಡಾವಳಿ ಬರೆಯುವುದು, ಶಾಲೆಯ ಅನುಮತಿ ಪತ್ರ ನವೀಕರಿಸುವುದು, ಇದು ಒಬ್ಬರ ಉದ್ಯೋಗವಾಗಿರಬೇಕು. ಅರ್ಧ ದಿನದ ಕೆಲಸವಾದರೂ ಸರಿ, ಸಂಬಳ ಕೊಡಿ. ಸಂಗ್ರಹವಾದ ಮೊದಲ ಹಣ ಬ್ಯಾನರಿಗೆ ಹೋಗದೆ ಸಂಯೋಜಕರಿಗೆ ಹೋಗಲಿ ಎಂದು ನಾನು ಪ್ರತಿ ಸಲ ಜಗಳವಾಡಿದ್ದೇನೆ.

ಸಮಿತಿಯಲ್ಲಿ ಯಾರಿರಬೇಕು ಎಂಬುದಕ್ಕೆ ಅಮೆರಿಕದ 1997ರ 'ಡ್ರಗ್-ಫ್ರೀ ಕಮ್ಯುನಿಟೀಸ್' ಕಾಯ್ದೆಯ ಕ್ರಮ ನೋಡುವಂತಿದೆ. ಅನುದಾನ ಬೇಕಿದ್ದರೆ ಯುವಜನ, ಪಾಲಕರು, ವ್ಯಾಪಾರಿಗಳು, ಮಾಧ್ಯಮ, ಶಾಲೆ, ಪೊಲೀಸರು, ಧಾರ್ಮಿಕ ಸಂಸ್ಥೆ, ಆರೋಗ್ಯ ಕಾರ್ಯಕರ್ತರು ಹೀಗೆ 12 ವಲಯಗಳ ಪ್ರತಿನಿಧಿಗಳು ಇರಲೇಬೇಕು. ಅನುದಾನಕ್ಕೆ ಸರಿಸಮನಾಗಿ ಸ್ಥಳೀಯರೂ ಹಣವನ್ನೋ ದುಡಿಮೆಯನ್ನೋ ಜಾಗವನ್ನೋ ಹಾಕಬೇಕು. ಹೆಚ್ಚೆಂದರೆ ಹತ್ತು ವರ್ಷ ಸಿಗುತ್ತದೆ. ಹತ್ತು ವರ್ಷ ಎಂಬುದನ್ನು ಗಮನಿಸಿ. ಒಂದು ಮಗು ಒಂದನೇ ತರಗತಿಯಿಂದ ಹತ್ತನೇ ತರಗತಿ ಮುಗಿಸುವಷ್ಟು ಕಾಲ. ಇದಕ್ಕಿಂತ ಕಡಿಮೆ ಅವಧಿಯ ಯೋಜನೆಯನ್ನು ಸಭೆಯಲ್ಲಿ ಮಂಡಿಸಿದರೆ ನಾನು ಕೇಳುವ ಮೊದಲ ಪ್ರಶ್ನೆ, 'ಆಮೇಲೆ ಯಾರು?'

ಆ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇದು. ಸಮಿತಿ ಹೊತ್ತುಕೊಂಡ ಕೆಲಸಗಳನ್ನು ಒಂದೊಂದಾಗಿ, ಈಗಾಗಲೇ ಶಾಶ್ವತವಾಗಿ ಇರುವವರ ಕೈಗೆ ದಾಟಿಸುತ್ತಾ ಹೋಗಬೇಕು. ಜೀವನ ಕೌಶಲದ ಪಾಠ ಶಾಲೆಯ ವೇಳಾಪಟ್ಟಿಗೆ ಹೋಗಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಬರ್ಟ್ ಬಾಟ್ವಿನ್ ರೂಪಿಸಿದ ಅಂಥ ಪಠ್ಯದಲ್ಲಿ ಮೊದಲ ವರ್ಷ 15 ತರಗತಿ, ಎರಡನೆಯ ವರ್ಷ 10, ಮೂರನೆಯ ವರ್ಷ 5. ಇಂಥದ್ದನ್ನು ಹೊರಗಿನವರು ಬಂದು ಮಾಡಿಹೋದರೆ ಅವರು ಬಾರದ ವರ್ಷ ನಿಲ್ಲುತ್ತದೆ, ಶಾಲೆಯ ಶಿಕ್ಷಕರೇ ಕಲಿತರೆ ನಿಲ್ಲುವುದಿಲ್ಲ. ಸಂಜೆಯ ಆಟ ಕ್ರೀಡಾ ಸಂಘಕ್ಕೆ, ಸಮೀಕ್ಷೆ ಹತ್ತಿರದ ಕಾಲೇಜಿಗೆ. ಕಡೆಗೆ ಸಮಿತಿಗೆ ಉಳಿಯುವುದು ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಲೆಕ್ಕ ಕೇಳುವ ಕೆಲಸ.

ಹಿರಿಯ ಗೆಳೆಯರಂತೆ ಮಕ್ಕಳ ಜೊತೆ ನಿಲ್ಲುವ ಸ್ವಯಂಸೇವಕರ ವಿಷಯದಲ್ಲಿ ಒಂದು ಎಚ್ಚರಿಕೆ. ಮಕ್ಕಳಿಗೆ ಇಂಥ ಹಿರಿಯರನ್ನು ಜೋಡಿಸಿಕೊಡುವ ಅಮೆರಿಕದ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆಯ ಕುರಿತ 1995ರ ಅಧ್ಯಯನದಲ್ಲಿ, ಅಂಥ ಹಿರಿಯರ ಒಡನಾಟ ಸಿಕ್ಕ ಮಕ್ಕಳು ಮಾದಕ ವಸ್ತು ಶುರುಮಾಡುವ ಸಾಧ್ಯತೆ ಶೇ 46ರಷ್ಟು ಕಡಿಮೆ ಎಂದು ಕಂಡಿತ್ತು. ಆದರೆ ಮುಂದಿನ ವಿಶ್ಲೇಷಣೆಯಲ್ಲಿ, ಮೂರು ತಿಂಗಳೊಳಗೆ ಕೈಬಿಟ್ಟುಹೋದ ಹಿರಿಯರಿಂದ ಮಕ್ಕಳ ಆತ್ಮವಿಶ್ವಾಸ ಕುಗ್ಗಿದ್ದೂ ಕಂಡಿತು. ಒಂದು ವರ್ಷ ಬರುತ್ತೇನೆ ಎನ್ನಲಾಗದವರನ್ನು ಮಗುವಿನ ಬಳಿ ಕಳುಹಿಸಬೇಡಿ. ಅವರಿಗೆ ಕುರ್ಚಿ ಜೋಡಿಸುವ ಕೆಲಸ ಕೊಡಿ, ಅದೂ ಕೆಲಸವೇ.

ಮದ್ಯ, ತಂಬಾಕು ಮಾರುವವರ ಪ್ರಾಯೋಜಕತ್ವ ಬೇಡ, ಎಷ್ಟೇ ಕಷ್ಟವಿದ್ದರೂ.

ಒಪ್ಪದವನು

ಮೊದಲ ಬಾರಿಗೆ ಒಪ್ಪುತ್ತಿದ್ದೇನೆ. 'ಆಮೇಲೆ ಯಾರು' ಎಂಬ ಪ್ರಶ್ನೆಗೆ ಮಾತ್ರ. ಐಸ್‌ಲ್ಯಾಂಡ್ ಬಗ್ಗೆ ನನ್ನ ಅನುಮಾನ ಹಾಗೆಯೇ ಇದೆ.

ಸಮಿತಿ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಮುಂದಿನ ಸಭೆಗೆ ಮೂರು ವಿಷಯ ಇಡುತ್ತಿದ್ದೇನೆ: ಹೆಸರಿಲ್ಲದ ಸಮೀಕ್ಷೆ, ಸಂಬಳದ ಸಂಯೋಜಕರು, ಸಮಿತಿಯಲ್ಲಿ ಮತದ ಹಕ್ಕಿರುವ ನಾಲ್ವರು ವಿದ್ಯಾರ್ಥಿಗಳು. ಈ ಸಲದ ಜಾಥಾ ಕೈಬಿಡುತ್ತೇವೆ, ಆ ಹಣ ಸಂಯೋಜಕರ ಸಂಬಳಕ್ಕೆ. ಒಂದು ತೊಡಕು ಉಳಿದಿದೆ. ಒಬ್ಬ ಮುಖ್ಯೋಪಾಧ್ಯಾಯರು ಈಗಲೇ ಹೇಳಿಬಿಟ್ಟಿದ್ದಾರೆ: "ಸಮೀಕ್ಷೆ ಮಾಡಿದರೆ ನಮ್ಮ ಶಾಲೆಯಲ್ಲಿ ಮಾದಕ ವಸ್ತು ಇದೆ ಎಂದು ಸುದ್ದಿಯಾಗುತ್ತದೆ, ದಾಖಲಾತಿ ಬೀಳುತ್ತದೆ." ಇವರಿಗೆ ಏನು ಹೇಳಲಿ?

ಗಣಿತದ ಮೇಷ್ಟ್ರು

ಅವರ ಭಯಕ್ಕೆ ಕಾರಣವಿದೆ, ಅದನ್ನು ತಳ್ಳಿಹಾಕಬೇಡಿ. ಶಾಲೆಗಳ ಹೆಸರಿನಲ್ಲಿ ಫಲಿತಾಂಶ ಎಲ್ಲೂ ಪ್ರಕಟವಾಗುವುದಿಲ್ಲ, ಸಾರ್ವಜನಿಕರಿಗೆ ಕಾಣುವುದು ಎಲ್ಲ ಶಾಲೆಗಳನ್ನೂ ಒಟ್ಟುಗೂಡಿಸಿದ ಸಂಖ್ಯೆ ಮಾತ್ರ, ಅವರ ಶಾಲೆಯ ವರದಿ ಮುಚ್ಚಿದ ಲಕೋಟೆಯಲ್ಲಿ ಅವರೊಬ್ಬರ ಕೈಗೆ ತಲುಪುತ್ತದೆ ಎಂದು ಲಿಖಿತವಾಗಿ ಕೊಡಿ. ಪಾಲಕರಿಗೆ ಮುಂಚಿತವಾಗಿ ತಿಳಿಸಿ, ಬೇಡವೆಂದವರ ಮಕ್ಕಳನ್ನು ಬಿಡಿ. ಒಂದೇ ಶಾಲೆಯಿಂದ ಶುರುಮಾಡಿದರೆ ಆ ಶಾಲೆಗೆ ಕಳಂಕ, ಆದ್ದರಿಂದ ಕನಿಷ್ಠ ನಾಲ್ಕೈದು ಶಾಲೆಗಳು ಒಪ್ಪುವವರೆಗೆ ಕಾಯಿರಿ. ಪ್ರಶ್ನಾವಳಿಯನ್ನು ಅವರ ಮುಂದೆಯೇ ಇಟ್ಟು ಪೂರ್ತಿ ಓದಲು ಬಿಡಿ. ಬಹುಪಾಲು ಪ್ರಶ್ನೆಗಳು ನಿದ್ರೆ, ಆಟ, ಮನೆ, ಶಿಕ್ಷಕರ ಬಗ್ಗೆ ಇರುವುದನ್ನು ನೋಡಿದಾಗ ಅರ್ಧ ಆತಂಕ ಇಳಿಯುತ್ತದೆ.

ಆಮೇಲೂ ಒಪ್ಪದಿದ್ದರೆ ಒತ್ತಾಯಿಸಬೇಡಿ. ಉಳಿದ ಶಾಲೆಗಳ ವರದಿ ಬಂದ ಮೇಲೆ ಅವರೇ ಫೋನ್ ಮಾಡುವ ಸಂಭವವಿದೆ. ನಾಲ್ವರು ವಿದ್ಯಾರ್ಥಿಗಳನ್ನು ಆರಿಸುವಾಗ ಮಾತ್ರ ಎಲ್ಲರೂ ಮೊದಲ ಬೆಂಚಿನವರೇ ಆಗದಂತೆ ನೋಡಿಕೊಳ್ಳಿ.